ನೆಲ ದುಬಾರಿಯಾದರೆ ಮನೆ ಯಾರಿಗೆ?

(ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗದ ಜಮಾಅತ್ ಪ್ರತಿನಿಧಿಗಳು ಮತ್ತು ಕುಟುಂಬಗಳ ಮುಂದೆ ಬೈಲಹೊಂಗಲದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂತಹ ಸಭೆಗಳಿಗೆ ನಮ್ಮನ್ನು ಕರೆಯುವವರು ಸಾಮಾನ್ಯವಾಗಿ ಶಿಕ್ಷಣದ ಬಗ್ಗೆ, ಐಕ್ಯದ ಬಗ್ಗೆ, ಯುವಕರ ದಾರಿತಪ್ಪುವಿಕೆಯ ಬಗ್ಗೆ ಮಾತನಾಡಲು ಹೇಳುತ್ತಾರೆ. ಈ ಬಾರಿ ಮನೆಯ ಬಗ್ಗೆ ಮಾತನಾಡಿ ಎಂದಿದ್ದೀರಿ. ಇದು ನಮಗೆ ಸಂತೋಷದ ಸಂಗತಿ. ಯಾಕೆಂದರೆ ಏಳು ಮಂದಿ ಮಲಗುವ ಒಂದೇ ಕೋಣೆಯಲ್ಲಿ ಹತ್ತನೇ ತರಗತಿಯ ಹುಡುಗಿ ಪುಸ್ತಕ ತೆರೆದು ಕೂರಲು ಮೂಲೆಯೇ ಇಲ್ಲದಿರುವಾಗ, ಅವಳ ತಂದೆಗೆ ಶಿಕ್ಷಣದ ಮಹತ್ವವನ್ನು ಬೋಧಿಸುವುದು ಸುಲಭದ ಕೆಲಸವೇ ಹೊರತು ಪ್ರಾಮಾಣಿಕ ಕೆಲಸವಲ್ಲ. ಮಗನಿಗೆ ಮದುವೆಯಾದರೆ ಸೊಸೆಯನ್ನು ಎಲ್ಲಿ ಇರಿಸುವುದೆಂದು ತಿಳಿಯದೆ ಪಡಸಾಲೆಗೆ ಪರದೆ ಕಟ್ಟಿದ ಮನೆಗಳು ಈ ನಾಲ್ಕೂ ಊರುಗಳಲ್ಲಿವೆ. ಅಂತಹ ಮನೆಗಳಿಂದ ಬಂದವರು ಈ ಸಭೆಯಲ್ಲೂ ಇದ್ದೀರಿ.

ಮಾತನ್ನು ರಾಮದುರ್ಗದಿಂದ ಆರಂಭಿಸೋಣ. 2019ರ ಆಗಸ್ಟ್ ತಿಂಗಳನ್ನು ಆ ಊರು ಮರೆತಿಲ್ಲ. ನವಿಲುತೀರ್ಥದ ಜಲಾಶಯ ತುಂಬಿ ನೀರು ಹೊರಬಿಟ್ಟಾಗ ಮುನವಳ್ಳಿಯಿಂದ ಹಿಡಿದು ರಾಮದುರ್ಗದವರೆಗೆ ಮಲಪ್ರಭೆಯ ದಂಡೆಯ ಬಡಾವಣೆಗಳಿಗೆ ನೀರು ನುಗ್ಗಿತು. ಮೊದಲು ಬಿದ್ದ ಮನೆಗಳು ಯಾವುವು? ಮಣ್ಣಿನ ಗೋಡೆಯ, ಜಂತಿಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆಗಳು. ಬೇಸಿಗೆಯಲ್ಲಿ ಈ ಮನೆಗಳಷ್ಟು ತಂಪು ಬೇರೆ ಯಾವುದೂ ಇಲ್ಲ. ಆದರೆ ಗೋಡೆಯ ಬುಡ ಎರಡು ದಿನ ನೀರಿನಲ್ಲಿ ನಿಂತರೆ ಮೇಲಿನ ಮಣ್ಣಿನ ಭಾರವೇ ಮನೆಯನ್ನು ಕೆಡವಿಬಿಡುತ್ತದೆ. ನೇಕಾರರ ಮನೆಗಳಲ್ಲಂತೂ ಮನೆಯ ಜೊತೆಗೆ ಮಗ್ಗವೂ ಹೋಯಿತು. ಒಂದೇ ರಾತ್ರಿಯಲ್ಲಿ ವಾಸವೂ ಇಲ್ಲ, ಅನ್ನವೂ ಇಲ್ಲ ಎಂಬ ಸ್ಥಿತಿ. ಆ ನೇಕಾರರಲ್ಲಿ ಎಲ್ಲ ಸಮುದಾಯದವರೂ ಇದ್ದರು. ನೆರೆಗೆ ಜಾತಿ ಗೊತ್ತಿರಲಿಲ್ಲ, ನಮ್ಮ ಇಂದಿನ ಮಾತಿಗೂ ಗೊತ್ತಿರಬಾರದು.

ಆಗ ಸರಕಾರ ಪೂರ್ಣವಾಗಿ ಕುಸಿದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಒಳ್ಳೆಯ ಮೊತ್ತವೇ. ಆದರೆ ಇಲ್ಲೊಂದು ಪ್ರಶ್ನೆಯಿದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಸೀಮೆಯ ಮನೆಗೆ ನಿಗದಿಯಾದ ನೆರವು 1 ಲಕ್ಷ 20 ಸಾವಿರ ರೂಪಾಯಿ. 2024ರಲ್ಲಿ ಯೋಜನೆಯನ್ನು ಮುಂದಿನ ಐದು ವರ್ಷಗಳಿಗೆ ವಿಸ್ತರಿಸಿದಾಗಲೂ ಈ ಮೊತ್ತ ಏರಲಿಲ್ಲ. ಹಾಗಾದರೆ ಒಂದು ಮನೆಗೆ ನಿಜವಾಗಿ ಎಷ್ಟು ಬೇಕು? ನೆರೆ ಬಂದಾಗ 5 ಲಕ್ಷ ಬೇಕಾಗುವ ಮನೆಗೆ ನೆರೆ ಬಾರದಿದ್ದಾಗ 1 ಲಕ್ಷ 20 ಸಾವಿರ ಸಾಕಾಗುವುದು ಹೇಗೆ? ಲೆಕ್ಕ ಸರಕಾರಕ್ಕೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ ಉಳಿದುದನ್ನು ಬಡವನು ಸಾಲ ಮಾಡಿ ತುಂಬಿಕೊಳ್ಳಲಿ ಎಂದು ಬಿಟ್ಟಿದ್ದಾರೆ.

ಪರಿಹಾರದ ಮೊತ್ತಕ್ಕಿಂತಲೂ ಹೆಚ್ಚು ಜನರನ್ನು ಕಾಡಿದ್ದು ಒಂದು ಹಾಳೆ. ಉತಾರ. ಅಜ್ಜನ ಹೆಸರಿನಲ್ಲಿರುವ ಉತಾರ, ನಾಲ್ವರು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ಮನೆ, ಹೊಲದ ಮಾಲಿಕನಿಂದ ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡ ಒಂದು ಗುಂಠೆ. ಮನೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಆದರೆ ಮನೆ ಇತ್ತೆಂಬುದಕ್ಕೆ ದಾಖಲೆ ಎಲ್ಲಿ? ನಗರ ಪ್ರದೇಶದ ವಸತಿ ನೆರವಿನ ಕತೆಯೂ ಬೇರೆಯಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಪುರಸಭೆ ಇದೆ, ಕಿತ್ತೂರಿನಲ್ಲಿ ಪಟ್ಟಣ ಪಂಚಾಯತ್. ಇಲ್ಲಿನ ಬಡವನಿಗೆ ನಿಜವಾಗಿ ಎಟುಕುವುದು ಸ್ವಂತ ಜಾಗದಲ್ಲಿ ತಾನೇ ಮನೆ ಕಟ್ಟಿಕೊಳ್ಳುವವನಿಗೆ ಸಿಗುವ ಸಹಾಯಧನ ಮಾತ್ರ. ಸ್ವಂತ ಜಾಗ ಎಂಬುದು ಮೊದಲ ಷರತ್ತು. ಅರ್ಥಾತ್, ಜಾಗವುಳ್ಳವನಿಗೆ ಮನೆ, ಜಾಗವಿಲ್ಲದವನಿಗೆ ಅರ್ಜಿ.

2025ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇಕಡಾ 10ರಿಂದ 15ಕ್ಕೆ ಏರಿಸಲು ಒಪ್ಪಿಗೆ ನೀಡಿತು. ಕೂಡಲೇ ಒಂದು ಕಡೆ ಓಲೈಕೆಯ ಕೂಗು, ಇನ್ನೊಂದು ಕಡೆ ಅಭಿನಂದನೆಯ ಫ್ಲೆಕ್ಸ್. ಎರಡರ ನಡುವೆ ನಾವು ಕೇಳಬೇಕಾಗಿದ್ದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: ನಿವೇಶನ ಎಷ್ಟಿದೆ? ನೂರರಲ್ಲಿ ಹದಿನೈದು ಎಂದರೆ ಹದಿನೈದು. ಸೊನ್ನೆಯಲ್ಲಿ ಶೇಕಡಾ ಹದಿನೈದು ಎಂದರೆ ಸೊನ್ನೆಯೇ. ಪಾಲಿಗಾಗಿ ಹೋರಾಡಿದಷ್ಟು ನಾವು ನೆಲಕ್ಕಾಗಿ ಹೋರಾಡಿಲ್ಲ. ಇದು ನಮ್ಮ ನಾಯಕತ್ವದ ದೌರ್ಬಲ್ಯ, ಇದನ್ನು ಒಪ್ಪಿಕೊಳ್ಳಲು ನಾಚಿಕೆ ಬೇಡ.

ಸಹೋದರರೇ, ನೆಲ ಯಾಕೆ ದುಬಾರಿಯಾಗುತ್ತದೆ? ಊರ ಪಕ್ಕದ ಹೊಲ ಇದ್ದಕ್ಕಿದ್ದಂತೆ ಬಂಗಾರವಾಗುವುದು ಅದರಲ್ಲಿ ಬೆಳೆಯುವ ಹತ್ತಿಯಿಂದಲ್ಲ. ನಾಳೆ ಅಲ್ಲಿ ರಸ್ತೆ ಬರುತ್ತದೆಂಬ ಸುದ್ದಿಯಿಂದ. ಕಿತ್ತೂರು ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಅದರ ಮೂಲಕ ಹಾದುಹೋಗಬೇಕಾದ ಧಾರವಾಡ-ಬೆಳಗಾವಿ ನೇರ ರೈಲು ಮಾರ್ಗದ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ರೈಲು ಬರುವ ಮುನ್ನವೇ ಬೆಲೆ ಬಂದು ಕೂತಿರುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿದ ಬಳಿಕ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾಯಿತು. ಉಳುವ ಇಚ್ಛೆಯಿಲ್ಲದೆ ನೆಲ ಹಿಡಿದಿಡುವವರಿಗೆ ಇದರಿಂದ ದಾರಿ ಸಲೀಸಾಯಿತೆಂಬುದು ನಮ್ಮ ಅಭಿಪ್ರಾಯ. ಇದರ ಮೇಲೆ ಸರಕಾರದ ಖರ್ಚುಗಳು. 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಬೆಲೆ ಏರಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. ಮುದ್ರಾಂಕ ಶುಲ್ಕ ಬೇರೆ. ಹೊಲವನ್ನು ಎನ್.ಎ. ಮಾಡಿಸಲು ಕಡತ ಬೆಳಗಾವಿಯ ಜಿಲ್ಲಾಧಿಕಾರಿಯವರ ಕಚೇರಿಗೆ ಹೋಗಬೇಕು. ಅರ್ಜಿ ಈಗ ಆನ್‌ಲೈನ್ ಆಗಿದೆ, ಆದರೆ ಅದರ ಹಿಂದೆ ಓಡಾಡುವ ಮನುಷ್ಯ ಇನ್ನೂ ಬಸ್ಸಿನಲ್ಲೇ ಇದ್ದಾನೆ.

ಕಾನೂನಿನ ದಾರಿ ಇಷ್ಟು ದುಬಾರಿಯಾದಾಗ ಬಡವನು ಅಡ್ಡದಾರಿಯ ಗುಂಠೆ ಪ್ಲಾಟು ಹಿಡಿಯುತ್ತಾನೆ. ಕೃಷಿ ಭೂಮಿಯನ್ನು ಪರಿವರ್ತನೆ ಮಾಡದೆ, ನಕ್ಷೆಗೆ ಮಂಜೂರಾತಿ ಪಡೆಯದೆ, ಸುಣ್ಣದ ಗೆರೆ ಎಳೆದು ಮಾರುವ ಜಾಗ. ಹತ್ತು ವರ್ಷ ಭಿಶಿ ಕಟ್ಟಿ, ಹೆಂಡತಿಯ ಬಳೆ ಮಾರಿ ಸಂಚಕಾರ ಕೊಟ್ಟ ಮೇಲೆ ಅವನಿಗೆ ತಿಳಿಯುತ್ತದೆ: ಗಟಾರ ಇಲ್ಲ, ನಳ ಇಲ್ಲ, ಸಹಾಯಧನಕ್ಕೆ ಅರ್ಹತೆಯೂ ಇಲ್ಲ. ಟ್ರಂಕಿನ ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬಾಂಡ್ ಪೇಪರನ್ನು ತೆಗೆದು, “ನೋಡಿ, ಇದರಲ್ಲಿ ಮನೆ ಆಗುತ್ತದಲ್ಲವೇ?” ಎಂದು ಕೇಳಿದ ತಾಯಿಗೆ ನಾವು ಉತ್ತರ ಕೊಡಲಾಗಲಿಲ್ಲ. 2025ರ ಫೆಬ್ರವರಿಯಲ್ಲಿ ಸರಕಾರ ಇಂತಹ ಆಸ್ತಿಗಳಿಗೆ ಬಿ ಖಾತೆ ನೀಡುವ ಅಭಿಯಾನವನ್ನು ಪ್ರಕಟಿಸಿತು. ತೆರಿಗೆ ಕಟ್ಟಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ಬಿ ಖಾತೆ ಸಿಕ್ಕಿತೆಂದ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ ಎಂಬುದನ್ನು ದಯವಿಟ್ಟು ಮನೆಮನೆಗೂ ತಿಳಿಸಿರಿ. ನಮ್ಮ ಮೊಹಲ್ಲಾಗಳಲ್ಲಿ ಈ ಪ್ಲಾಟುಗಳ ದಲಾಲಿ ಮಾಡುವವರು ಹೊರಗಿನವರಲ್ಲ. ಮೊದಲ ಸಾಲಿನಲ್ಲಿ ನಮಾಝ್ ಮಾಡುವವರೂ ಅವರಲ್ಲಿದ್ದಾರೆ.

ಇನ್ನು ನೆಲವನ್ನು ಅಗ್ಗವಾಗಿಸುವ ದಾರಿ. ಒಂದು ಸರಳ ಲೆಕ್ಕ ಮಾಡೋಣ. ಒಂದು ಎಕರೆ ಎಂದರೆ 40 ಗುಂಠೆ, 43,560 ಚದರ ಅಡಿ. ರಸ್ತೆ, ಉದ್ಯಾನ, ಸಾರ್ವಜನಿಕ ಉಪಯೋಗಕ್ಕೆ ಅರ್ಧ ಬಿಟ್ಟರೆ ಉಳಿಯುವುದು 21,780 ಚದರ ಅಡಿ. ಅದರಲ್ಲಿ 30x40 ಅಳತೆಯ ನಿವೇಶನಗಳು 18 ಆಗುತ್ತವೆ. 20x30 ಅಳತೆಯವು 36 ಆಗುತ್ತವೆ. ಎಕರೆಗೆ 40 ಲಕ್ಷ ಎಂದು ಮಾತಿಗೆ ಇಟ್ಟುಕೊಂಡರೆ, ಮೊದಲ ರೀತಿಯಲ್ಲಿ ಒಂದು ಕುಟುಂಬದ ಪಾಲಿನ ನೆಲದ ಬೆಲೆ 2 ಲಕ್ಷ 22 ಸಾವಿರ, ಎರಡನೆಯ ರೀತಿಯಲ್ಲಿ 1 ಲಕ್ಷ 11 ಸಾವಿರ. ಬೆಲೆ ಇಳಿಸಲು ಯಾವ ರೈತನಿಗೂ ಮೋಸ ಮಾಡಬೇಕಾಗಿಲ್ಲ. “ಇಪ್ಪತ್ತು ಅಡಿ ಅಗಲದಲ್ಲಿ ಮನೆಯೇ?” ಎಂದು ಮೂಗು ಮುರಿಯುವವರು ಸವದತ್ತಿಯ ಕೋಟೆಯ ಕೆಳಗಿನ ಹಳೆಯ ಓಣಿಗಳನ್ನೊಮ್ಮೆ ನೋಡಿ ಬರಲಿ. ನಮ್ಮ ಗಾವಠಾಣದ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡೇ ನೂರಾರು ವರ್ಷ ಬಾಳಿವೆ. ಎರಡು ಮನೆಗೆ ಒಂದು ಗೋಡೆ, ಮಾಳಿಗೆಯಲ್ಲಿ ಬೆಳಕಿಂಡಿ, ಹಿಂದೆ ಒಂದಿಷ್ಟು ಹಿತ್ತಲು. ನಾಲ್ಕೂ ಕಡೆ ಮೂರು ಮೂರು ಅಡಿ ಖಾಲಿ ಬಿಟ್ಟು ಮನೆ ಕಟ್ಟುವ ಚಟ ನಮಗೆ ದೊಡ್ಡ ನಗರಗಳಿಂದ ಬಂದದ್ದು.

ಸರಕಾರ ನೆಲ ಒದಗಿಸಬೇಕಾದ ಕಡೆಯೂ ದಾರಿಗಳಿವೆ. ರೈತನ ಹೊಲವನ್ನು ಬಡಾವಣೆಯಾಗಿ ಅಭಿವೃದ್ಧಿಪಡಿಸಿ ಅರ್ಧದಷ್ಟು ನಿವೇಶನಗಳನ್ನು ಅವನಿಗೇ ಹಿಂತಿರುಗಿಸುವ 50:50ರ ಪದ್ಧತಿ ರಾಜ್ಯದಲ್ಲಿ ಇದೆ. 2024ರ ಮೈಸೂರಿನ ಮುಡಾ ವಿವಾದದಿಂದ ಆ ಅನುಪಾತಕ್ಕೆ ಕೆಟ್ಟ ಹೆಸರು ಬಂದಿರಬಹುದು. ಆದರೆ ಪದ್ಧತಿ ಬೇರೆ, ಅದರ ದುರುಪಯೋಗ ಬೇರೆ. ಜಗತ್ತಿನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಸಾಧಿಸಿದ ದೇಶ ಸಿಂಗಾಪುರ. 1960ರಲ್ಲಿ ಅಲ್ಲಿ ವಸತಿ ಮಂಡಳಿ ಸ್ಥಾಪನೆಯಾಯಿತು. 1961ರ ಮೇ ತಿಂಗಳಲ್ಲಿ ಬುಕಿತ್ ಹೋ ಸ್ವೀ ಎಂಬ ಗುಡಿಸಲು ಪ್ರದೇಶಕ್ಕೆ ಬೆಂಕಿ ಬಿದ್ದು ಸುಮಾರು 16,000 ಮಂದಿ ಬೀದಿಗೆ ಬಂದಾಗ, ಅದೇ ಜಾಗದಲ್ಲಿ ತ್ವರಿತವಾಗಿ ಬಹುಮಹಡಿ ಮನೆಗಳೆದ್ದವು. 1966ರ ಭೂಸ್ವಾಧೀನ ಕಾಯ್ದೆಯಿಂದ ಸರಕಾರಕ್ಕೆ ಅಗ್ಗದಲ್ಲಿ ನೆಲ ಸಿಕ್ಕಿತು. ಮನೆಗಳನ್ನು 99 ವರ್ಷಗಳ ಗೇಣಿಯ ಮೇಲೆ ಕೊಟ್ಟರು. ನೆಲ ಕಳೆದುಕೊಂಡವರಿಗೆ ಅಲ್ಲಿ ಸಿಕ್ಕ ಪರಿಹಾರ ಕಡಿಮೆ ಎಂಬುದೂ ನಿಜ, ಆ ಅನ್ಯಾಯವನ್ನು ನಾವು ಆಮದು ಮಾಡಿಕೊಳ್ಳಬೇಕಾಗಿಲ್ಲ. ಗಮನಿಸಬೇಕಾದುದು ಗೇಣಿಯ ಮಾತು. ನೆಲವನ್ನು ಮಾರದೆ ದೀರ್ಘಾವಧಿಗೆ ಕೊಟ್ಟರೆ ಮನೆಯ ಬೆಲೆಯಿಂದ ನೆಲದ ಬೆಲೆ ಕಳೆದುಹೋಗುತ್ತದೆ.

ಇದನ್ನು ಹೇಳಿದ ಕೂಡಲೇ ನಿಮ್ಮ ಮನಸ್ಸಿನಲ್ಲಿ ವಕ್ಫ್ ಎಂಬ ಪದ ಬಂದಿರುತ್ತದೆ. 2006ರ ಸಾಚಾರ್ ವರದಿಯ ಪ್ರಕಾರ ದೇಶದಲ್ಲಿ 4.9 ಲಕ್ಷಕ್ಕೂ ಹೆಚ್ಚು ನೋಂದಾಯಿತ ವಕ್ಫ್ ಆಸ್ತಿಗಳಿದ್ದವು, ವಿಸ್ತೀರ್ಣ ಸುಮಾರು 6 ಲಕ್ಷ ಎಕರೆ, ವಾರ್ಷಿಕ ಆದಾಯ ಕೇವಲ 163 ಕೋಟಿ ರೂಪಾಯಿಯ ಆಸುಪಾಸು. ಎಲ್ಲ ವಕ್ಫ್ ನೆಲದಲ್ಲೂ ಮನೆ ಕಟ್ಟಲಾಗದು. ಖಬರಸ್ತಾನ ಖಬರಸ್ತಾನವೇ, ವಕ್ಫ್ ಮಾಡಿದವರ ಉದ್ದೇಶವನ್ನು ಬದಲಿಸುವ ಅಧಿಕಾರ ನಮಗಿಲ್ಲ. ವಿವಾದದಲ್ಲಿರುವ, ರೈತರು ತಲೆಮಾರುಗಳಿಂದ ಉಳುತ್ತಿರುವ ನೆಲದ ಕಡೆಗೆ ಕೈಚಾಚುವುದೂ ಸಲ್ಲದು. 2024ರಲ್ಲಿ ವಿಜಯಪುರದ ನೋಟೀಸುಗಳು ಎಬ್ಬಿಸಿದ ಬಿರುಗಾಳಿಯನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಬಡವರ ಹಿತಕ್ಕೆಂದೇ ಬಿಟ್ಟ, ದಾಖಲೆ ಶುದ್ಧವಾಗಿರುವ ಆಸ್ತಿಗಳೂ ಇವೆ. ಅವುಗಳಲ್ಲಿ ಎಷ್ಟೋ ಮಳಿಗೆಗಳು ಅನುಕೂಲಸ್ಥರ ಕೈಯಲ್ಲಿ ಅಜ್ಜನ ಕಾಲದ ಬಾಡಿಗೆಗೆ ಇವೆ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟಿಸಿದ್ದು ನಮ್ಮ ಹಕ್ಕು. ಆದರೆ ಅದೇ ವರ್ಷದ ಜೂನ್‌ನಲ್ಲಿ ಉಮೀದ್ ಪೋರ್ಟಲ್ ತೆರೆದು ಆಸ್ತಿ ದಾಖಲಿಸಲು ಆರು ತಿಂಗಳ ಅವಧಿ ಕೊಟ್ಟಾಗ, ಎಷ್ಟು ಸಮಿತಿಗಳ ಕೈಯಲ್ಲಿ ಸರಿಯಾದ ಕಾಗದಗಳಿದ್ದವು? ಮೆರವಣಿಗೆಗೆ ಬಂದ ಮುತವಲ್ಲಿಗಳು ಕಪಾಟಿನ ಬೀಗವನ್ನೂ ತೆರೆಯಬೇಕಿತ್ತು.

ನಿರ್ಮಾಣದ ವೇಗದ ವಿಷಯಕ್ಕೆ ಬರೋಣ. ಇಲ್ಲೊಂದು ಭ್ರಮೆಯಿದೆ. ಯಂತ್ರ ತಂದರೆ, ಹೊಸ ತಂತ್ರಜ್ಞಾನ ತಂದರೆ ಮನೆ ಬೇಗ ಏಳುತ್ತದೆ ಎಂಬ ಭ್ರಮೆ. 2021ರ ಜನವರಿ 1ರಂದು ಕೇಂದ್ರ ಸರಕಾರ ಆರು ನಗರಗಳಲ್ಲಿ ಲೈಟ್ ಹೌಸ್ ಯೋಜನೆಗಳಿಗೆ ಶಿಲಾನ್ಯಾಸ ಮಾಡಿತು. ಹನ್ನೆರಡು ತಿಂಗಳ ಗುರಿಯಿತ್ತು. ಚೆನ್ನೈಯ 1,152 ಮನೆಗಳ ಉದ್ಘಾಟನೆಯಾದದ್ದು 2022ರ ಮೇ ತಿಂಗಳಲ್ಲಿ, ಲಕ್ನೋ ಯೋಜನೆಯದ್ದು 2024ರಲ್ಲಿ. ನಮ್ಮ ಊರಿನ ಗೌಂಡಿ ನಿಧಾನಸ್ಥನಲ್ಲ. ಹಣ ಕೈಯಲ್ಲಿದ್ದರೆ ಎರಡು ಕೋಣೆಯ ಮನೆಯನ್ನು ಅವನು ಮೂರು ನಾಲ್ಕು ತಿಂಗಳಲ್ಲಿ ಮುಗಿಸಿಕೊಡುತ್ತಾನೆ. ಮನೆ ನಿಲ್ಲುವುದು ಹಣ ನಿಂತಾಗ. ರಾಜ್ಯದ ವಸತಿ ನಿಗಮದ ನೆರವು ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತ ಹಂತವಾಗಿ ಬರುತ್ತದೆ. ಪ್ರತಿ ಹಂತಕ್ಕೂ ಫೋಟೋ, ಪರಿಶೀಲನೆ, ಕಾಯುವಿಕೆ. ಪಾಯ ಹಾಕಿದವನು ಮೊದಲ ಕಂತಿಗಾಗಿ ಕಾಯುವಷ್ಟರಲ್ಲಿ ಸಿಮೆಂಟಿನ ದರ ಏರುತ್ತದೆ, ಮಳೆ ಬರುತ್ತದೆ, ಗೌಂಡಿ ಬೇರೆ ಕೆಲಸಕ್ಕೆ ಹೋಗುತ್ತಾನೆ. ಅಷ್ಟೂ ತಿಂಗಳು ಈ ಕುಟುಂಬ ಬಾಡಿಗೆ ಕಟ್ಟುತ್ತಿರುತ್ತದೆ. ಲಿಂಟಲ್ ಮಟ್ಟದಲ್ಲಿ ನಿಂತು, ಒಳಗೆ ಜಾಲಿ ಬೆಳೆದ ಗೋಡೆಗಳನ್ನು ನೀವು ನಿಮ್ಮ ಊರಿನ ಅಂಚಿನಲ್ಲಿ ನೋಡಿಲ್ಲವೇ?

ನಮ್ಮ ಸೀಮೆಗೆ ಇನ್ನೊಂದು ವಿಶೇಷ ಕಷ್ಟವಿದೆ. ಎರೆಮಣ್ಣು. ಹತ್ತಿಗೂ ಜೋಳಕ್ಕೂ ಇದು ತಾಯಿ, ಮನೆಗೆ ಮಾತ್ರ ಮಲತಾಯಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರೊಂದಿಗೆ ಗೋಡೆಯೂ ಬಿರಿಯುತ್ತದೆ. ಆಳಕ್ಕೆ ಅಗೆದು ಗರಸು ತುಂಬಿ ಪಾಯ ಎತ್ತುವುದರಲ್ಲೇ ಬಡವನ ಹಣದ ದೊಡ್ಡ ಪಾಲು ಮಣ್ಣುಪಾಲಾಗುತ್ತದೆ. ಇಂತಹ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಂಟಿನಂತೆ ಅಗಲವಾಗುವ ಕಾಂಕ್ರೀಟ್ ಕಂಬದ ಪಾಯವನ್ನು ಬಹಳ ಹಿಂದೆಯೇ ರೂಪಿಸಿದೆ. ಒಂದೇ ಮನೆಗೆ ಅದಕ್ಕೆ ಬೇಕಾದ ಸಲಕರಣೆ ತರಿಸುವುದು ಗಿಟ್ಟದು, ಸಾಲಾಗಿ ಇಪ್ಪತ್ತು ಮನೆಗಳಿಗಾದರೆ ಗಿಟ್ಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಅಲ್ಪ ಸಿಮೆಂಟ್ ಬೆರೆಸಿ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಬೆಳೆಸಿತು. ಅದಕ್ಕೆ ಭಟ್ಟಿಯ ಸೌದೆ ಬೇಡ. ಆದರೆ ಎರೆಮಣ್ಣು ಅದಕ್ಕೆ ಒಗ್ಗುವುದಿಲ್ಲ, ಮರಳು ಮಿಶ್ರಿತ ಕೆಂಪು ಮಣ್ಣು ಬೇಕು. ಊರಿಂದೂರಿಗೆ ಮಣ್ಣು ಬೇರೆಯಾಗುವ ನಮ್ಮಲ್ಲಿ ಒಂದೇ ನಕ್ಷೆ, ಒಂದೇ ಸಾಮಗ್ರಿಯನ್ನು ಬೆಂಗಳೂರಿನಿಂದ ಕಳುಹಿಸುವುದು ಬುದ್ಧಿವಂತಿಕೆಯಲ್ಲ.

ಸಾಲಾಗಿ ಕಟ್ಟುವುದರಲ್ಲಿ ಇತರ ಲಾಭಗಳೂ ಇವೆ. ಸೆಂಟ್ರಿಂಗ್ ತಗಡುಗಳು ಒಂದು ಮನೆಯಿಂದ ಪಕ್ಕದ ಮನೆಗೆ ಸರಿಯುತ್ತವೆ. ಬಾಗಿಲು ಕಿಟಕಿಗಳಿಗೆ ಒಂದೇ ಅಳತೆ, ಸಿಮೆಂಟಿನ ಚೌಕಟ್ಟು. ಲಾರಿಗಟ್ಟಲೆ ಸಿಮೆಂಟು, ಎಂ-ಸ್ಯಾಂಡ್ ಒಟ್ಟಿಗೆ ತರಿಸಿದರೆ ದರ ಬೇರೆಯೇ ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಆ ಇಳಿಕೆ ಅಂಗಡಿಯಲ್ಲಿ ಒಂದೊಂದೇ ಚೀಲ ಕೊಳ್ಳುವವನವರೆಗೆ ತಲುಪಿತೇ ಎಂದು ನೀವೇ ಹೇಳಬೇಕು.

ವೇಗದ ಹೆಸರಿನಲ್ಲಿ ಆಗುವ ಅನಾಹುತವನ್ನೂ ಈ ಸೀಮೆ ಕಂಡಿದೆ. 2009ರ ನೆರೆಯ ನಂತರ ಆಸರೆ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಉತ್ತರ ಕರ್ನಾಟಕದಲ್ಲಿ ಹೊಸ ಊರುಗಳೇ ಎದ್ದವು. ಉದ್ದೇಶ ಒಳ್ಳೆಯದಿತ್ತು. ಆದರೆ ಎಷ್ಟೋ ಕಡೆ ಜನರು ಅಲ್ಲಿಗೆ ಹೋಗಲೇ ಇಲ್ಲ. ಹೊಲ ದೂರ, ನೀರಿಲ್ಲ, ದನ ಕಟ್ಟಲು ಜಾಗವಿಲ್ಲ. ಸರಕಾರಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ 269 ಚದರ ಅಡಿ. ಅದರಲ್ಲಿ ರಾಮದುರ್ಗದ ನೇಕಾರ ಮಗ್ಗ ಎಲ್ಲಿ ಹೂಡಬೇಕು? ಬೀಡಿ ಕಟ್ಟುವ, ಹೊಲಿಗೆ ಯಂತ್ರ ತುಳಿಯುವ ನಮ್ಮ ಸಹೋದರಿಯರಿಗೆ ಮನೆಯೇ ಕಾರ್ಖಾನೆ. ನಕ್ಷೆ ಬರೆಯುವವನು ಒಮ್ಮೆ ಆ ಮನೆಯಲ್ಲಿ ಅರ್ಧ ದಿನ ಕುಳಿತು ಬರಬೇಕು.

ಈಗ ಹಣ. ಬ್ಯಾಂಕಿನಿಂದ 5 ಲಕ್ಷ ಸಾಲವನ್ನು ಶೇಕಡಾ 9ರ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ತಿಂಗಳಿಗೆ ಸುಮಾರು 4,500 ರೂಪಾಯಿ ಕಂತು. ಕಟ್ಟಿ ಮುಗಿಸುವಾಗ ಕೊಟ್ಟದ್ದು ಸುಮಾರು 10 ಲಕ್ಷ 80 ಸಾವಿರ. ಒಂದು ಮನೆ ತನಗೆ, ಒಂದು ಮನೆ ಬ್ಯಾಂಕಿಗೆ. ಬಡ್ಡಿಯನ್ನು ನಿಷಿದ್ಧವೆಂದು ನಂಬುವ ನಾವು ಇದಕ್ಕೆ ಪರ್ಯಾಯವೇನನ್ನು ಕಟ್ಟಿದ್ದೇವೆ? ಭಾಷಣ ಕಟ್ಟಿದ್ದೇವೆ. ಇಲ್ಲಿಗೆ ದೂರವಲ್ಲದ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಆರಂಭಿಸಿದರು. ನೂರಿಪ್ಪತ್ತು ವರ್ಷಗಳ ಆ ಪರಂಪರೆಯ ಮಡಿಲಲ್ಲಿ ಕುಳಿತ ನಮಗೆ ನಾಲ್ಕು ಊರುಗಳ ಒಂದು ಗೃಹ ನಿರ್ಮಾಣ ಸಹಕಾರ ಸಂಘ ಕಟ್ಟಲಾಗದೇ? ಆದರೆ ಎಚ್ಚರವಿರಲಿ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. ಹಲಾಲ್ ಎಂಬ ಪದ ಕೇಳಿದೊಡನೆ ನಮ್ಮ ಜನ ಲೆಕ್ಕಪತ್ರ ಕೇಳುವುದನ್ನು ಬಿಟ್ಟದ್ದೂ ಅದಕ್ಕೊಂದು ಕಾರಣ. ಗಡ್ಡ ನೋಡಿ ಹಣ ಕೊಡಬೇಡಿ. ಲೆಕ್ಕ ಪರಿಶೋಧನೆಯ ವರದಿ ನೋಡಿ ಕೊಡಿ. ಸಂಘ ಲಾಭದ ಆಸೆ ತೋರಿಸಬಾರದು. ನೆಲ ಕೊಳ್ಳಲಿ, ಎನ್.ಎ. ಮಾಡಿಸಲಿ, ನಕ್ಷೆ ಮಂಜೂರು ಮಾಡಿಸಲಿ, ಸದಸ್ಯನಿಗೆ ಅಸಲಿನ ಬೆಲೆಗೆ ಕೊಡಲಿ. ಹತ್ತು ವರ್ಷದವರೆಗೆ ಮಾರಬಾರದೆಂಬ ಷರತ್ತು ಇರಲಿ. ಇಲ್ಲವಾದರೆ ಎರಡನೇ ವರ್ಷದಲ್ಲೇ ನಿವೇಶನಗಳೆಲ್ಲ ಇಬ್ಬರು ಮೂವರ ಕೈ ಸೇರುತ್ತವೆ.

ಇನ್ನೊಂದು ಮಾತನ್ನು ಹೇಳದೆ ಇರಲಾಗದು. ಹೊಸ ಬಡಾವಣೆಗಳಲ್ಲಿ ನಮ್ಮವರಿಗೆ ಬಾಡಿಗೆಯೂ ಸಿಗುವುದಿಲ್ಲ, ನಿವೇಶನವೂ ಸಿಗುವುದಿಲ್ಲ ಎಂಬ ದೂರು ಎಷ್ಟೋ ಸಂದರ್ಭಗಳಲ್ಲಿ ನಿಜ. ಅದರ ಫಲವಾಗಿ ನಾವು ಹಳೆಯ ಮೊಹಲ್ಲಾದಲ್ಲೇ ಒತ್ತಿಕೊಂಡು, ಅಲ್ಲಿನ ಅಂಗೈಯಗಲದ ಜಾಗಕ್ಕೆ ಹೆಚ್ಚು ಬೆಲೆ ತೆರುತ್ತೇವೆ. ಇದಕ್ಕೆ ಉತ್ತರವೆಂದು ನಮ್ಮದೇ ಪ್ರತ್ಯೇಕ ಕಾಲೊನಿ ಕಟ್ಟೋಣ ಎನ್ನುವವರಿದ್ದಾರೆ. ನಮಗೆ ಇದು ಸರಿಕಾಣುವುದಿಲ್ಲ. ಪ್ರತ್ಯೇಕವಾದ ಬಡಾವಣೆಗೆ ರಸ್ತೆ, ಗಟಾರ, ಶಾಲೆ ಕೊನೆಗೆ ಬರುತ್ತವೆ ಎಂಬುದು ಎಲ್ಲರ ಅನುಭವ. ರಾಮದುರ್ಗದಲ್ಲಿ ನೆರೆಯಲ್ಲಿ ಒಟ್ಟಿಗೆ ಮುಳುಗಿದವರು ಸಂಘದಲ್ಲೂ ಒಟ್ಟಿಗೆ ಇರಲಿ. ನೇಕಾರ, ದಲಿತ, ಮುಸ್ಲಿಮ್ ಕುಟುಂಬಗಳು ಒಂದೇ ಸದಸ್ಯತ್ವದ ಪುಸ್ತಕದಲ್ಲಿದ್ದರೆ ಪುರಸಭೆಯ ಬಾಗಿಲು ಬೇಗ ತೆರೆಯುತ್ತದೆ.

ನಮ್ಮ ಕೈಯಲ್ಲೇ ಇರುವ ಹಣದ ಬಗ್ಗೆ ಒಂದೇ ವಾಕ್ಯ. ಒಂದು ಮದುವೆಯ ಶಾಮಿಯಾನ, ಬಿರಿಯಾನಿ, ವರದಕ್ಷಿಣೆಗೆ ಒಂದೇ ದಿನದಲ್ಲಿ ಖರ್ಚಾಗುವ ಮೊತ್ತವನ್ನು ಈಗ ಹೇಳಿದ 1 ಲಕ್ಷ 11 ಸಾವಿರದ ಪಕ್ಕದಲ್ಲಿ ಬರೆದು ನೋಡಿ. ತನ್ನ ಹೆಸರಿನಲ್ಲಿ ಮೂರು ನಾಲ್ಕು ಖಾಲಿ ನಿವೇಶನ ಇಟ್ಟುಕೊಂಡು ಬೆಲೆ ಏರಲೆಂದು ಕಾಯುತ್ತಿರುವವರು ಈ ಸಭೆಯಲ್ಲೂ ಇದ್ದರೆ, ಅವರಿಗೂ ಈ ಮಾತು ಸಲ್ಲುತ್ತದೆ.

ಮುಂದಿನ ಸಭೆಗೆ ಬರುವಾಗ ಪ್ರತಿ ಜಮಾಅತ್ ಮೂರು ಕಾಗದಗಳನ್ನು ತರಬೇಕೆಂದು ಕೋರುತ್ತೇವೆ. ತನ್ನ ಮೊಹಲ್ಲಾದಲ್ಲಿ ಉತಾರ ಇಲ್ಲದ ಮನೆಗಳ ಪಟ್ಟಿ, ಮನೆಯೇ ಇಲ್ಲದ ಕುಟುಂಬಗಳ ಪಟ್ಟಿ, ವಕ್ಫ್ ಆಸ್ತಿಯ ದಾಖಲೆ ಮತ್ತು ಅದರ ಈಗಿನ ಬಾಡಿಗೆ. ಮೊದಲ ಎರಡನ್ನು ಉಪವಿಭಾಗಾಧಿಕಾರಿಯವರ ಮುಂದಿಡೋಣ. ಆ ಕಚೇರಿ ಇದೇ ಬೈಲಹೊಂಗಲದಲ್ಲಿದೆ, ನಡೆದೇ ಹೋಗಬಹುದು. ಮೂರನೆಯದನ್ನು ಮೊದಲು ನಮ್ಮ ನಮ್ಮೊಳಗೇ ಓದೋಣ, ಬಾಗಿಲು ಹಾಕಿಕೊಂಡಲ್ಲ, ಜುಮಾದ ನಂತರ ಎಲ್ಲರ ಮುಂದೆ. ರಾಮದುರ್ಗದಿಂದ ಬಂದವರು ಇನ್ನೊಂದನ್ನು ತನ್ನಿ: ಮಗ್ಗ ಹೂಡಲು ಎಷ್ಟು ಉದ್ದ, ಎಷ್ಟು ಅಗಲದ ಜಾಗ ಬೇಕೆಂದು ನೇಕಾರರಿಂದಲೇ ಅಳೆಸಿ ಬರೆದುಕೊಂಡು ಬನ್ನಿ. ನಕ್ಷೆಯನ್ನು ಅಲ್ಲಿಂದ ಆರಂಭಿಸೋಣ.